ದುಂಬಿಯ ಕೆಲಸಕ್ಕೆ ಕೈಯಿಟ್ಟ ತೋಟಗಾರ

ನಮ್ಮ ಕವಿಗಳು ದುಂಬಿಗೆ ಕೊಟ್ಟ ಮನ್ನಣೆಯನ್ನು ಮತ್ತಾವ ಕೀಟಕ್ಕೂ ಕೊಟ್ಟಿಲ್ಲ. ಆದರೆ ಅವರ ಕಣ್ಣೆಲ್ಲ ಅದು ಹೀರುವ ಮಕರಂದದ ಮೇಲೆ. ಅದರ ಮೈಗೆ ಮೆತ್ತಿದ ಪರಾಗವು ಹೂವಿಗೆ ಮಾಡುವ ಉಪಕಾರವನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಯುರೋಪಿನಲ್ಲಿಯೂ ಈ ಮರ್ಮವು ಬಹುಕಾಲ ಮಸಕಾಗಿಯೇ ಇದ್ದಿತು. 1694ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ಕಮರೇರಿಯಸ್ ಎಂಬ ವಿದ್ವಾಂಸನು, ಹರಳು ಗಿಡದ ಗಂಡುಹೂಗಳನ್ನು ಬಿರಿಯುವ ಮುನ್ನವೇ ಚಿವುಟಿಹಾಕಿದರೆ ಬೀಜ ಕಟ್ಟುವುದಿಲ್ಲವೆಂದು ತೋರಿಸಿದನು.

ಹಾಗಾದರೆ ಒಂದು ಜಾತಿಯ ಪರಾಗವನ್ನು ಇನ್ನೊಂದರ ಮೇಲೆ ಮನುಷ್ಯನೇ ಇಟ್ಟರೆ? ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿ ಗಿಡಗಳನ್ನು ಬೆಳೆಸಿ ಮಾರುತ್ತಿದ್ದ ಥಾಮಸ್ ಫೇರ್‌ಚೈಲ್ಡನು ಇದನ್ನು ಮಾಡಿಯೇ ನೋಡಿದನು. ಸ್ವೀಟ್ ವಿಲಿಯಂ ಹೂವಿನ ಪರಾಗವನ್ನು ತೆಗೆದು ಕಾರ್ನೇಷನ್ ಹೂವಿಗೆ ಸೋಕಿಸಿದನು. ಹಕ್ಕಿಯ ಗರಿಯಿಂದ ಸವರಿದನೆಂದು ಹೇಳುವುದುಂಟು. ಬೀಜ ಬಿತ್ತಿದಾಗ ಎರಡನ್ನೂ ಹೋಲುವ, ಎರಡೂ ಅಲ್ಲದ ಗಿಡವೊಂದು ಹುಟ್ಟಿತು. 1717ರ ಹೊತ್ತಿಗೆ ಅದರ ಸುದ್ದಿ ಅಚ್ಚಾಗಿದ್ದಿತು. ಹೂ ಬಿಟ್ಟರೂ ಬೀಜ ಕೊಡದ ಆ ಗಿಡವನ್ನು ಜನರು ‘ಫೇರ್‌ಚೈಲ್ಡನ ಹೇಸರಗತ್ತೆ’ ಎಂದು ಕರೆದರು.

ಆ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಜೀವಜಾತಿಗಳೆಲ್ಲವನ್ನೂ ದೇವರು ಆದಿಯಲ್ಲಿಯೇ ಸೃಷ್ಟಿಸಿದನೆಂಬುದು ಅಂದಿನ ನಂಬಿಕೆ. ಆ ಪಟ್ಟಿಯಲ್ಲಿಲ್ಲದ ಗಿಡವನ್ನು ಒಬ್ಬ ತೋಟಗಾರನು ಹುಟ್ಟಿಸಬಹುದೆ? ‘ಸಂಕರ’ವೆಂಬ ಮಾತು ನಮ್ಮಲ್ಲಿಯೂ ಎಷ್ಟುಕಾಲ ಬೈಗುಳವಾಗಿತ್ತೆಂಬುದನ್ನು ನೆನೆದರೆ ಆ ಅಳುಕು ನಮಗೆ ಅರ್ಥವಾದೀತು.

1729ರಲ್ಲಿ ಫೇರ್‌ಚೈಲ್ಡನು ತೀರಿಕೊಂಡಾಗ, ಶೋರ್‌ಡಿಚ್ಚಿನ ಇಗರ್ಜಿಯಲ್ಲಿ ವರ್ಷಕ್ಕೊಮ್ಮೆ ಧರ್ಮೋಪದೇಶ ನಡೆಯಲೆಂದು 25 ಪೌಂಡುಗಳನ್ನು ಉಯಿಲಿನಲ್ಲಿ ಬಿಟ್ಟಿದ್ದನು. ಸೃಷ್ಟಿಯಲ್ಲಿ ಕಾಣುವ ದೇವರ ಅದ್ಭುತಗಳೇ ಅದರ ವಿಷಯ. ಇದನ್ನು ಪ್ರಾಯಶ್ಚಿತ್ತವೆನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಪಾಪವೆಂದು ಅಂಜಿದವನು ಗಿಡವನ್ನು ಬಚ್ಚಿಡುತ್ತಿದ್ದನು. ಈತನಾದರೋ 1720ರಲ್ಲಿ ಅದನ್ನು ರಾಯಲ್ ಸೊಸೈಟಿಯ ವಿದ್ವಾಂಸರ ಮುಂದಿಟ್ಟನು. ಅಳುಕಿಗಿಂತ ಬೆರಗೇ ಅವನಲ್ಲಿ ಹೆಚ್ಚಾಗಿದ್ದಿರಬೇಕು.

ಆ ಬೆರಗನ್ನು ಶಾಸ್ತ್ರದ ದಾರಿಗೆ ತಂದವನು ಜರ್ಮನಿಯ ಕೊಲ್‌ರಾಯ್ಟರ್. 1760ರಲ್ಲಿ, ರಷ್ಯದ ಪೀಟರ್ಸ್‌ಬರ್ಗಿನಲ್ಲಿದ್ದಾಗ, ಈತನು ಎರಡು ಬಗೆಯ ಹೊಗೆಸೊಪ್ಪಿನ ಗಿಡಗಳನ್ನು ಕೂಡಿಸಿದನು. ಇಂಥ ಕೆಲಸಕ್ಕೆ ಬೇಕಾದ ತಾಳ್ಮೆ ಅಷ್ಟಿಷ್ಟಲ್ಲ. ತಾಯಿಹೂವು ಇನ್ನೂ ಮೊಗ್ಗಾಗಿರುವಾಗಲೇ ಅದರ ಕೇಸರಗಳನ್ನು ಕಿತ್ತುಹಾಕಬೇಕು. ತಂದೆಗಿಡದ ಪರಾಗವನ್ನು ತೇವ ತಗಲದಂತೆ ಎತ್ತಿಕೊಳ್ಳಬೇಕು. ನೀರು ಸೋಕಿದರೆ ಅದು ಒಡೆದು ಕೆಡುತ್ತದೆ. ಅದನ್ನು ಕುಂಚದಿಂದ ಶಲಾಕೆಯ ತುದಿಗೆ ಹಚ್ಚಿ, ಬೇರೆ ಪರಾಗ ಬಂದು ಸೇರದಂತೆ ಕಾಯಬೇಕು. ಕೊಲ್‌ರಾಯ್ಟರನು ಪರಾಗದ ಕಣಗಳನ್ನೂ ಎಣಿಸಿದನು: ದಾಸವಾಳದ ಕುಲದ ಒಂದು ಹೂವಿನಲ್ಲಿ 4,863 ಕಣಗಳು, ಅದರ ಬೀಜಗಳೆಲ್ಲ ಕಟ್ಟಲು 50–60 ಸಾಕು!

ಅವನ ಬೆರಕೆ ಗಿಡದ ಪರಾಗವೂ ನಿಷ್ಫಲವಾಗಿದ್ದಿತು. ಆದರೆ ಅದೇ ಗಿಡದ ಹೂವಿಗೆ ಅದರ ತಂದೆಯ ಅಥವಾ ತಾಯಿಯ ಜಾತಿಯ ಪರಾಗವನ್ನಿಟ್ಟಾಗ ಒಂದಷ್ಟು ಬೀಜ ಕಟ್ಟಿತು. ಫೇರ್‌ಚೈಲ್ಡನಲ್ಲಿ ನಿಂತುಹೋಗಿದ್ದ ದಾರಿ ಇಲ್ಲಿ ಮುಂದಕ್ಕೆ ತೆರೆಯಿತು.

ಇಂದು ನಮ್ಮ ಅಂಗಳದ ಕುಂಡಗಳಲ್ಲಿ ಅರಳುವ ಗುಲಾಬಿ, ದಾಸವಾಳಗಳ ಎಷ್ಟೋ ತಳಿಗಳು ಹೀಗೆ ಕೈಯಿಂದ ಪರಾಗವಿಟ್ಟು ಪಡೆದವು. ಅವುಗಳನ್ನು ಬೆಳೆಸುವ ನಮ್ಮನ್ನು ಯಾವ ಪಾಪಭೀತಿಯೂ ಕಾಡುವುದಿಲ್ಲ. ಫೇರ್‌ಚೈಲ್ಡನಿಗಿದ್ದ ಬೆರಗಾದರೂ ನಮಗೆ ಉಳಿದಿದ್ದರೆ ಚೆನ್ನು.