ಎನ್‌ಐಆರ್‌ಎಫ್ ಶ್ರೇಯಾಂಕ ಮತ್ತು ರಾಜ್ಯ ಸಾರ್ವಜನಿಕ ವಿಶ್ವವಿದ್ಯಾಲಯಗಳು

ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕ ಚೌಕಟ್ಟು (ಸಂಕ್ಷಿಪ್ತವಾಗಿ ಎನ್‌ಐಆರ್‌ಎಫ್) ಭಾರತದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪ್ರತಿವರ್ಷ ಶ್ರೇಯಾಂಕ ನೀಡಲು ಕೇಂದ್ರ ಸರ್ಕಾರವು ರೂಪಿಸಿದ ವ್ಯವಸ್ಥೆಯಾಗಿದೆ. ರಾಜ್ಯ ಶಾಸಕಾಂಗಗಳ ಕಾಯಿದೆಗಳ ಮೂಲಕ ಸ್ಥಾಪಿತವಾಗಿ, ಮುಖ್ಯವಾಗಿ ರಾಜ್ಯ ಸರ್ಕಾರಗಳ ಅನುದಾನದಿಂದ ನಡೆಯುವ ವಿಶ್ವವಿದ್ಯಾಲಯಗಳನ್ನು ರಾಜ್ಯ ಸಾರ್ವಜನಿಕ ವಿಶ್ವವಿದ್ಯಾಲಯಗಳೆಂದು ಕರೆಯುತ್ತಾರೆ. ದೇಶದ ಬಹುಪಾಲು ವಿದ್ಯಾರ್ಥಿಗಳು ಈ ವಿಶ್ವವಿದ್ಯಾಲಯಗಳಲ್ಲಿ ಅಥವಾ ಅವುಗಳ ಸಂಯೋಜಿತ ಕಾಲೇಜುಗಳಲ್ಲಿ ಓದುತ್ತಾರೆ. ಆದರೂ ಶ್ರೇಯಾಂಕ ಪಟ್ಟಿಯ ಮೇಲ್ಭಾಗದಲ್ಲಿ ಅವುಗಳ ಸಂಖ್ಯೆ ಕಡಿಮೆ. ಇದು ಅವುಗಳ ಗುಣಮಟ್ಟದ ಕೊರತೆಯನ್ನು ತೋರಿಸುತ್ತದೆಯೇ ಅಥವಾ ಮಾನದಂಡಗಳು ಅವುಗಳ ಕೆಲಸದ ಒಂದು ಭಾಗವನ್ನು ಅಳೆಯದೆ ಬಿಡುತ್ತವೆಯೇ ಎಂಬುದು ಶ್ರೇಯಾಂಕ ವ್ಯವಸ್ಥೆಯ ಕುರಿತಾದ ಮುಖ್ಯ ವಿವಾದಗಳಲ್ಲಿ ಒಂದಾಗಿದೆ.

ಹಿನ್ನೆಲೆ

ಅಂದಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವು 2015ರ ಸೆಪ್ಟೆಂಬರ್‌ನಲ್ಲಿ ಈ ಚೌಕಟ್ಟನ್ನು ಪ್ರಕಟಿಸಿತು. ಮೊದಲ ಶ್ರೇಯಾಂಕ ಪಟ್ಟಿ 2016ರ ಏಪ್ರಿಲ್‌ನಲ್ಲಿ ಹೊರಬಂದಿತು. ಅದಕ್ಕೆ ಮೊದಲು ಭಾರತದಲ್ಲಿ ಇಂತಹ ಪಟ್ಟಿಗಳನ್ನು ಹೆಚ್ಚಾಗಿ ಖಾಸಗಿ ನಿಯತಕಾಲಿಕೆಗಳು ಪ್ರಕಟಿಸುತ್ತಿದ್ದವು. ವಿಧಾನವನ್ನು ಬಹಿರಂಗವಾಗಿ ಪ್ರಕಟಿಸಿ ಸರ್ಕಾರವೇ ನಡೆಸುವ ಶ್ರೇಯಾಂಕ ಎಂಬ ಕಾರಣಕ್ಕೆ ಎನ್‌ಐಆರ್‌ಎಫ್ ಗಮನ ಸೆಳೆಯಿತು.

2016ರಲ್ಲಿ ವಿವಿಧ ವಿಭಾಗಗಳಿಗೆ 3,565 ಅರ್ಜಿಗಳು ಬಂದಿದ್ದವು. 2024ರ ವೇಳೆಗೆ ಈ ಸಂಖ್ಯೆ 10,845ಕ್ಕೆ ಏರಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ವಿಶ್ವವಿದ್ಯಾಲಯಗಳ ವಿಭಾಗದಲ್ಲಿ 2016ರಿಂದ ಪ್ರತಿವರ್ಷವೂ ಮೊದಲ ಸ್ಥಾನ ಪಡೆಯುತ್ತ ಬಂದಿದೆ. ಎಲ್ಲ ಬಗೆಯ ಸಂಸ್ಥೆಗಳನ್ನು ಒಳಗೊಂಡ ಸಮಗ್ರ ವಿಭಾಗದಲ್ಲಿ 2019ರಿಂದ ಮದ್ರಾಸ್ ಐಐಟಿ ಅಗ್ರಸ್ಥಾನದಲ್ಲಿದೆ. ಇವೆರಡೂ ಕೇಂದ್ರ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳು.

ಮಾನದಂಡಗಳು

ವಿಶ್ವವಿದ್ಯಾಲಯಗಳಿಗೆ ಐದು ಮಾನದಂಡಗಳ ಆಧಾರದ ಮೇಲೆ ಒಟ್ಟು 100 ಅಂಕಗಳಿಗೆ ಮೌಲ್ಯಮಾಪನ ನಡೆಯುತ್ತದೆ. ಅಂಕಗಳ ಹಂಚಿಕೆ ಹೀಗಿದೆ:

- ಬೋಧನೆ, ಕಲಿಕೆ ಮತ್ತು ಸಂಪನ್ಮೂಲಗಳು: 30
- ಸಂಶೋಧನೆ ಮತ್ತು ವೃತ್ತಿಪರ ಕಾರ್ಯ: 30
- ಪದವಿ ಫಲಿತಾಂಶಗಳು: 20
- ವ್ಯಾಪ್ತಿ ಮತ್ತು ಒಳಗೊಳ್ಳುವಿಕೆ: 10
- ಗ್ರಹಿಕೆ, ಅಂದರೆ ಶಿಕ್ಷಣತಜ್ಞರು ಮತ್ತು ಉದ್ಯೋಗದಾತರಲ್ಲಿ ಸಂಸ್ಥೆಗಿರುವ ಹೆಸರು: 10

ಪ್ರತಿಯೊಂದು ಮಾನದಂಡಕ್ಕೂ ಉಪಮಾನದಂಡಗಳಿವೆ. ಮೊದಲನೆಯದರಲ್ಲಿ ಅಧ್ಯಾಪಕ-ವಿದ್ಯಾರ್ಥಿ ಅನುಪಾತ, ಡಾಕ್ಟರೇಟ್ ಪಡೆದ ಅಧ್ಯಾಪಕರ ಪ್ರಮಾಣ ಮತ್ತು ಪ್ರತಿ ವಿದ್ಯಾರ್ಥಿಗೆ ಮಾಡುವ ವೆಚ್ಚ ಸೇರಿವೆ. ಎರಡನೆಯದರಲ್ಲಿ ಪ್ರಕಟಣೆಗಳ ಸಂಖ್ಯೆ, ಅವುಗಳಿಗೆ ದೊರೆತ ಉಲ್ಲೇಖಗಳು, ಪೇಟೆಂಟ್‌ಗಳು ಹಾಗೂ ಸಂಶೋಧನಾ ಯೋಜನೆಗಳ ಆದಾಯ ಗಣನೆಗೆ ಬರುತ್ತವೆ. ಪದವಿ ಫಲಿತಾಂಶಗಳಲ್ಲಿ ನಿಗದಿತ ಅವಧಿಯೊಳಗೆ ತೇರ್ಗಡೆಯಾದವರ ಪ್ರಮಾಣವೂ ಪಿಎಚ್.ಡಿ. ಪದವೀಧರರ ಸಂಖ್ಯೆಯೂ ಮುಖ್ಯ. ಪ್ರಕಟಣೆ ಮತ್ತು ಉಲ್ಲೇಖಗಳ ವಿವರಗಳನ್ನು ಸ್ಕೋಪಸ್, ವೆಬ್ ಆಫ್ ಸೈನ್ಸ್ ಮುಂತಾದ ಅಂತಾರಾಷ್ಟ್ರೀಯ ದತ್ತಸಂಚಯಗಳಿಂದ ಪಡೆಯಲಾಗುತ್ತದೆ. ಉಳಿದ ಮಾಹಿತಿಯಲ್ಲಿ ಹೆಚ್ಚಿನದನ್ನು ಸಂಸ್ಥೆಗಳೇ ಜಾಲತಾಣದ ಮೂಲಕ ಸಲ್ಲಿಸುತ್ತವೆ.

ವಿವಾದದ ಅಂಶಗಳು

ಸಂಯೋಜಿತ ಕಾಲೇಜುಗಳು

ಬಹುತೇಕ ಹಳೆಯ ರಾಜ್ಯ ವಿಶ್ವವಿದ್ಯಾಲಯಗಳು ಸಂಯೋಜನಾ ಸ್ವರೂಪದವು. ಪಠ್ಯಕ್ರಮ ರೂಪಿಸುವುದು, ಪರೀಕ್ಷೆ ನಡೆಸುವುದು, ಉತ್ತರಪತ್ರಿಕೆಗಳನ್ನು ಮೌಲ್ಯಮಾಪನ ಮಾಡಿಸುವುದು ಮತ್ತು ಪದವಿ ಪ್ರದಾನ ಮಾಡುವುದು ಅವುಗಳ ಹೊಣೆ. ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಇಂತಹ ವಿಶ್ವವಿದ್ಯಾಲಯಗಳ ವ್ಯಾಪ್ತಿಯಲ್ಲಿವೆ. ಅನೇಕ ಕುಟುಂಬಗಳಲ್ಲಿ ಮೊದಲ ಬಾರಿಗೆ ಪದವಿ ಪಡೆಯುವವರು ಓದುವುದು ಈ ಕಾಲೇಜುಗಳಲ್ಲಿ. ಆದರೆ ಶ್ರೇಯಾಂಕಕ್ಕಾಗಿ ವಿಶ್ವವಿದ್ಯಾಲಯದ ಸ್ವಂತ ವಿಭಾಗಗಳನ್ನಷ್ಟೇ ಪರಿಗಣಿಸಲಾಗುತ್ತದೆ. ಕಾಲೇಜುಗಳು ಬಯಸಿದರೆ ಕಾಲೇಜು ವಿಭಾಗದಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬಹುದು. ಹೀಗಾಗಿ ವಿಶ್ವವಿದ್ಯಾಲಯದ ಆಡಳಿತವು ಸಂಯೋಜಿತ ಕಾಲೇಜುಗಳಿಗಾಗಿ ವ್ಯಯಿಸುವ ಸಮಯ ಮತ್ತು ಶ್ರಮ ಅದರ ಅಂಕಗಳಲ್ಲಿ ಕಾಣಿಸುವುದಿಲ್ಲ.

ಇದಕ್ಕೆ ಪ್ರತಿಯಾದ ವಾದವೂ ಇದೆ. ನೂರಾರು ಕಾಲೇಜುಗಳ ಬೋಧನಾ ಗುಣಮಟ್ಟವನ್ನು ಒಂದು ವಿಶ್ವವಿದ್ಯಾಲಯದ ಸಾಧನೆಯೆಂದು ಎಣಿಸುವುದು ಕಷ್ಟ. ಹಾಗೆ ಎಣಿಸಿದರೆ ಅಧ್ಯಾಪಕರ ಅರ್ಹತೆ, ಸಂಶೋಧನೆ ಮುಂತಾದ ಸರಾಸರಿಗಳು ಇನ್ನಷ್ಟು ಕುಸಿಯುವ ಸಾಧ್ಯತೆಯೂ ಇದೆ.

ಖಾಲಿ ಹುದ್ದೆಗಳು ಮತ್ತು ಅನುದಾನ

ರಾಜ್ಯ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕುರಿತು ನೀತಿ ಆಯೋಗವು 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಶೇ. 81ರಷ್ಟು ಮಂದಿ ಈ ವಿಶ್ವವಿದ್ಯಾಲಯಗಳ ವ್ಯವಸ್ಥೆಯಲ್ಲಿದ್ದಾರೆ. ಇವುಗಳಲ್ಲಿ ಶೇ. 40ಕ್ಕೂ ಹೆಚ್ಚು ಅಧ್ಯಾಪಕ ಹುದ್ದೆಗಳು ಖಾಲಿ ಇವೆಯೆಂದೂ ಅದೇ ವರದಿ ಹೇಳಿದೆ.

ಹುದ್ದೆ ಖಾಲಿ ಇದ್ದರೆ ಅದರ ಪರಿಣಾಮ ಒಂದೇ ಉಪಮಾನದಂಡಕ್ಕೆ ಸೀಮಿತವಾಗುವುದಿಲ್ಲ. ಅಧ್ಯಾಪಕ-ವಿದ್ಯಾರ್ಥಿ ಅನುಪಾತ ಕುಗ್ಗುತ್ತದೆ, ಪಿಎಚ್.ಡಿ. ಮಾರ್ಗದರ್ಶಕರು ಕಡಿಮೆಯಾಗುತ್ತಾರೆ, ಪ್ರಕಟಣೆಗಳು ಇಳಿಯುತ್ತವೆ, ಸಂಶೋಧನಾ ಯೋಜನೆಗಳಿಗೆ ಅರ್ಜಿ ಹಾಕುವವರು ಇಲ್ಲವಾಗುತ್ತಾರೆ. ಮೌಲ್ಯಮಾಪನವು ಪ್ರಧಾನವಾಗಿ ಪೂರ್ಣಕಾಲಿಕ ಅಧ್ಯಾಪಕರನ್ನು ಆಧರಿಸಿರುವುದರಿಂದ, ತರಗತಿಗಳನ್ನು ನಡೆಸಿಕೊಂಡು ಹೋಗುವ ಅತಿಥಿ ಉಪನ್ಯಾಸಕರಿಂದ ಈ ಕೊರತೆ ತುಂಬುವುದಿಲ್ಲ. ಕಾಯಂ ಹುದ್ದೆಗಳ ಭರ್ತಿಗೆ ರಾಜ್ಯ ಸರ್ಕಾರದ ಅನುಮತಿ ಬೇಕು. ಆದ್ದರಿಂದ ಸರ್ಕಾರದ ನಿರ್ಧಾರದ ಫಲವನ್ನು ಶ್ರೇಯಾಂಕವು ವಿಶ್ವವಿದ್ಯಾಲಯದ ಹೆಸರಿನಲ್ಲಿ ದಾಖಲಿಸುತ್ತದೆ ಎಂಬುದು ವಿಮರ್ಶಕರ ಆಕ್ಷೇಪ. ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಕೊರತೆಗೆ ಯಾರು ಹೊಣೆ ಎಂಬುದಕ್ಕಿಂತ ಕೊರತೆ ಇದೆ ಎಂಬ ಮಾಹಿತಿಯೇ ಉಪಯುಕ್ತ ಎಂಬುದು ಇದಕ್ಕಿರುವ ಉತ್ತರ.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದ ಸ್ಥಾನದಲ್ಲಾದ ಬದಲಾವಣೆಯನ್ನು ಕರ್ನಾಟಕದಲ್ಲಿ ಈ ಸಂದರ್ಭದಲ್ಲಿ ಉದಾಹರಿಸಲಾಗುತ್ತದೆ. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಅದು 2021ರಲ್ಲಿ 19ನೇ ಸ್ಥಾನದಲ್ಲಿತ್ತು. 2022ರಲ್ಲಿ 33, 2023ರಲ್ಲಿ 44 ಮತ್ತು 2024ರಲ್ಲಿ 54ನೇ ಸ್ಥಾನಕ್ಕೆ ಇಳಿಯಿತು. ನಿವೃತ್ತರಾದ ಅಧ್ಯಾಪಕರ ಸ್ಥಾನಗಳು ಭರ್ತಿಯಾಗದಿರುವುದು ಮತ್ತು ಹಣಕಾಸಿನ ಮುಗ್ಗಟ್ಟು ಈ ಇಳಿಕೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಕಾರಣಗಳು. ಇದೇ ಅವಧಿಯಲ್ಲಿ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ ಹಾಗೂ ಬೀದರ್‌ಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಇವುಗಳಲ್ಲಿ ಹಾಸನ ಮತ್ತು ಚಾಮರಾಜನಗರ ಹಿಂದೆ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು.

ಪ್ರಾದೇಶಿಕ ವೈವಿಧ್ಯ

ವ್ಯಾಪ್ತಿ ಮತ್ತು ಒಳಗೊಳ್ಳುವಿಕೆ ಎಂಬ ಮಾನದಂಡದಡಿ ಮಹಿಳೆಯರ ಪ್ರಮಾಣ, ಶುಲ್ಕ ಮರುಪಾವತಿಯ ನೆರವು ಪಡೆಯುವ ವಿದ್ಯಾರ್ಥಿಗಳ ಪ್ರಮಾಣ, ಅಂಗವಿಕಲರಿಗಿರುವ ಸೌಲಭ್ಯಗಳು ಹಾಗೂ ಪ್ರಾದೇಶಿಕ ವೈವಿಧ್ಯವನ್ನು ಅಳೆಯಲಾಗುತ್ತದೆ. ಪ್ರಾದೇಶಿಕ ವೈವಿಧ್ಯವೆಂದರೆ ಇಲ್ಲಿ ಹೊರರಾಜ್ಯ ಮತ್ತು ಹೊರದೇಶಗಳ ವಿದ್ಯಾರ್ಥಿಗಳ ಪ್ರಮಾಣ. ಈ ಮಾನದಂಡದ ಆಂತರಿಕ 100 ಅಂಕಗಳಲ್ಲಿ 30 ಅಂಕಗಳನ್ನು ಇದಕ್ಕೆ ಮೀಸಲಿಡಲಾಗಿತ್ತು.

ಒಂದು ಪ್ರದೇಶದ ಜನರ ಶಿಕ್ಷಣಕ್ಕೆಂದೇ ಶಾಸಕಾಂಗವು ಸ್ಥಾಪಿಸಿದ ವಿಶ್ವವಿದ್ಯಾಲಯದಲ್ಲಿ ಆ ಪ್ರದೇಶದ ವಿದ್ಯಾರ್ಥಿಗಳೇ ಹೆಚ್ಚಾಗಿರುವುದು ಸಹಜ. ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯವು ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಪ್ರವೇಶ ನೀಡಿದಾಗ ಅದು ತನ್ನ ಉದ್ದೇಶವನ್ನು ನೆರವೇರಿಸುತ್ತದೆ, ಆದರೆ ಈ ಉಪಮಾನದಂಡದಲ್ಲಿ ಅದಕ್ಕೆ ಅಂಕ ದೊರೆಯುವುದಿಲ್ಲ. ದೇಶದಾದ್ಯಂತ ಪ್ರವೇಶ ಪರೀಕ್ಷೆ ನಡೆಸುವ ಕೇಂದ್ರೀಯ ಸಂಸ್ಥೆಗಳಿಗೂ ದೊಡ್ಡ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ಇಲ್ಲಿ ಅನುಕೂಲವಿದೆ. ಒಟ್ಟು 100 ಅಂಕಗಳಿಗೆ ಹೋಲಿಸಿದರೆ ಇದರ ಪಾಲು ಗರಿಷ್ಠ 3 ಅಂಕಗಳು ಮಾತ್ರ. ಆದರೆ ಪಟ್ಟಿಯ ಮಧ್ಯಭಾಗದಲ್ಲಿ ಅಕ್ಕಪಕ್ಕದ ಸ್ಥಾನಗಳ ನಡುವಿನ ಅಂತರವು ಅನೇಕ ವೇಳೆ ಒಂದು ಅಂಕಕ್ಕಿಂತಲೂ ಕಡಿಮೆ ಇರುವುದರಿಂದ, ಇಷ್ಟು ಅಂಕಗಳು ಹಲವು ಸ್ಥಾನಗಳನ್ನು ಬದಲಿಸಬಲ್ಲವು.

ಭಾರತೀಯ ಭಾಷೆಗಳಲ್ಲಿನ ವಿದ್ವತ್ತು

ಸಂಶೋಧನೆಯ ಅಳತೆಗೆ ಬಳಸುವ ದತ್ತಸಂಚಯಗಳಲ್ಲಿ ಇಂಗ್ಲಿಷ್ ನಿಯತಕಾಲಿಕೆಗಳ ಲೇಖನಗಳದ್ದೇ ಪ್ರಾಬಲ್ಯ. ವಿಜ್ಞಾನ, ತಂತ್ರಜ್ಞಾನ ಮತ್ತು ವೈದ್ಯಕೀಯ ವಿಷಯಗಳಿಗೆ ಇದು ಹೊಂದುತ್ತದೆ. ಭಾರತೀಯ ಭಾಷೆಗಳಲ್ಲಿ ಪುಸ್ತಕ, ನಿಘಂಟು, ಶಾಸನ ಸಂಪುಟ ಅಥವಾ ಗ್ರಂಥ ಸಂಪಾದನೆಯ ರೂಪದಲ್ಲಿ ಬರುವ ಮಾನವಿಕ ಸಂಶೋಧನೆ ಬಹುಮಟ್ಟಿಗೆ ಇದರ ಹೊರಗೆ ಉಳಿಯುತ್ತದೆ.

ಮೈಸೂರು ವಿಶ್ವವಿದ್ಯಾಲಯವು 14 ಸಂಪುಟಗಳಲ್ಲಿ ಪ್ರಕಟಿಸಿದ ಕನ್ನಡ ವಿಶ್ವಕೋಶ, ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳು ಮತ್ತು ಪ್ರಸಾರಾಂಗದ ಪ್ರಚಾರೋಪನ್ಯಾಸ ಮಾಲೆಯ ಪುಸ್ತಕಗಳು ಇಂತಹ ಕೆಲಸಕ್ಕೆ ನಿದರ್ಶನಗಳು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಶೋಧನೆಯು ಮುಖ್ಯವಾಗಿ ಕನ್ನಡದಲ್ಲೇ ನಡೆಯುತ್ತದೆ ಮತ್ತು ಅದರ ಪ್ರಸಾರಾಂಗದ ಮೂಲಕ ಪುಸ್ತಕಗಳಾಗಿ ಪ್ರಕಟವಾಗುತ್ತದೆ. ಉಲ್ಲೇಖಗಳ ಎಣಿಕೆಯನ್ನು ಆಧರಿಸಿದ ವ್ಯವಸ್ಥೆಯಲ್ಲಿ ಇಂತಹ ವಿಶ್ವವಿದ್ಯಾಲಯವು ತನ್ನ ಸ್ಥಾಪನೆಯ ಉದ್ದೇಶಕ್ಕೆ ನಿಷ್ಠವಾಗಿದ್ದಷ್ಟೂ ಅಂಕ ಗಳಿಸುವ ಅವಕಾಶ ಕಡಿಮೆಯಾಗುತ್ತದೆ.

ಮಾಹಿತಿಯ ವಿಶ್ವಾಸಾರ್ಹತೆ

ಸಂಸ್ಥೆಗಳೇ ನೀಡುವ ಮಾಹಿತಿಯನ್ನು ಪೂರ್ಣವಾಗಿ ಪರಿಶೀಲಿಸುವ ವ್ಯವಸ್ಥೆ ಇಲ್ಲವೆಂಬ ಟೀಕೆಯೂ ಇದೆ. ದೆಹಲಿ ಐಐಟಿಯ ಮಾಜಿ ನಿರ್ದೇಶಕ ವಿ. ರಾಮಗೋಪಾಲ್ ರಾವ್ ಅವರು ಸಹಲೇಖಕರೊಡನೆ ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಶ್ರೇಯಾಂಕದ ಅಸಂಗತತೆಗಳನ್ನು ಚರ್ಚಿಸಿದ್ದಾರೆ. 2025ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠವು ಇಂತಹ ಆಕ್ಷೇಪವನ್ನು ಒಳಗೊಂಡ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ ಆ ವರ್ಷದ ಪಟ್ಟಿಯ ಪ್ರಕಟಣೆಗೆ ಮಧ್ಯಂತರ ತಡೆ ನೀಡಿತ್ತು. ಬಳಿಕ ಅರ್ಜಿ ವಜಾಗೊಂಡು, ಸೆಪ್ಟೆಂಬರ್‌ನಲ್ಲಿ ಪಟ್ಟಿ ಪ್ರಕಟವಾಯಿತು.

ಶ್ರೇಯಾಂಕದ ಪರಿಣಾಮಗಳು

ಶ್ರೇಯಾಂಕವು ವಿದ್ಯಾರ್ಥಿಗಳ ಮಾಹಿತಿಗೆ ಮಾತ್ರ ಸೀಮಿತವಾಗಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2017ರ ನಿಯಮಗಳಲ್ಲಿ ಶ್ರೇಷ್ಠ ಸಂಸ್ಥೆ ಸ್ಥಾನಮಾನಕ್ಕೆ ಅರ್ಜಿ ಸಲ್ಲಿಸಲು ತನ್ನ ವಿಭಾಗದ ಮೊದಲ 50 ಸ್ಥಾನಗಳಲ್ಲಿರುವುದು ಅರ್ಹತೆಗಳಲ್ಲಿ ಒಂದಾಗಿತ್ತು. ಈ ಯೋಜನೆಯಡಿ ಆಯ್ಕೆಯಾದ ಸಾರ್ವಜನಿಕ ಸಂಸ್ಥೆಗೆ 1,000 ಕೋಟಿ ರೂಪಾಯಿವರೆಗೆ ನೆರವು ನೀಡಲು ಅವಕಾಶವಿತ್ತು. ಆನ್‌ಲೈನ್ ಪದವಿಗಳನ್ನು ಆರಂಭಿಸುವ ಅರ್ಹತೆಯನ್ನೂ 2020ರ ನಿಯಮಗಳು ಶ್ರೇಯಾಂಕದೊಡನೆ ಜೋಡಿಸಿದವು.

ಇದರಿಂದ ಒಂದು ಆವರ್ತನ ಉಂಟಾಗುತ್ತದೆ ಎಂಬುದು ವಿಮರ್ಶಕರ ಅಭಿಪ್ರಾಯ: ಅನುದಾನ ಮತ್ತು ಅಧ್ಯಾಪಕರ ಕೊರತೆಯಿಂದ ಸ್ಥಾನ ಕುಸಿಯುತ್ತದೆ, ಕುಸಿದ ಸ್ಥಾನವು ಹೊಸ ಅನುದಾನ ಮತ್ತು ಅವಕಾಶಗಳನ್ನು ದೂರವಿಡುತ್ತದೆ. ಉತ್ತಮ ಶ್ರೇಯಾಂಕವಿದ್ದರೂ ಹಣ ಖಚಿತವಲ್ಲ ಎಂಬುದಕ್ಕೆ ಅಣ್ಣಾ ವಿಶ್ವವಿದ್ಯಾಲಯ ಮತ್ತು ಜಾದವಪುರ ವಿಶ್ವವಿದ್ಯಾಲಯಗಳ ಉದಾಹರಣೆಯಿದೆ. 2019ರಲ್ಲಿ ಶ್ರೇಷ್ಠ ಸಂಸ್ಥೆ ಸ್ಥಾನಮಾನಕ್ಕೆ ಇವೆರಡರ ಶಿಫಾರಸು, ವೆಚ್ಚದಲ್ಲಿ ರಾಜ್ಯ ಸರ್ಕಾರಗಳೂ ಪಾಲು ಭರಿಸಬೇಕೆಂಬ ಷರತ್ತಿಗೆ ಒಳಪಟ್ಟಿತ್ತು.

ಸಮರ್ಥನೆ

ಶ್ರೇಯಾಂಕವು ಸಾರ್ವಜನಿಕ ಸಂಸ್ಥೆಗಳಿಗೆ ಸಂಪೂರ್ಣ ಪ್ರತಿಕೂಲ ಎಂಬ ವಾದವನ್ನು ಪಟ್ಟಿಯೇ ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಜಾದವಪುರ ವಿಶ್ವವಿದ್ಯಾಲಯವು 2022 ಮತ್ತು 2023ರಲ್ಲಿ ದೇಶದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕನೇ ಸ್ಥಾನ ಪಡೆದಿತ್ತು. ಚೆನ್ನೈನ ಸರ್ಕಾರಿ ಪ್ರೆಸಿಡೆನ್ಸಿ ಕಾಲೇಜು ಕಾಲೇಜು ವಿಭಾಗದಲ್ಲಿ ಹಲವು ವರ್ಷ ಮೂರನೇ ಸ್ಥಾನದಲ್ಲಿತ್ತು. ಕಡಿಮೆ ಶುಲ್ಕದ ಸರ್ಕಾರಿ ಸಂಸ್ಥೆಗೂ ಮೇಲಿನ ಸ್ಥಾನ ಸಾಧ್ಯವೆಂಬುದಕ್ಕೆ ಸಮರ್ಥಕರು ಇವನ್ನು ಉದಾಹರಿಸುತ್ತಾರೆ. ಗ್ರಹಿಕೆಗೆ ಕೇವಲ 10 ಅಂಕ ನೀಡಿರುವುದರಿಂದ ಜಾಹೀರಾತಿನ ಪ್ರಭಾವ ಸೀಮಿತವಾಗಿದೆ ಎಂಬುದೂ, ಹುದ್ದೆ ಭರ್ತಿಗಾಗಿ ಸರ್ಕಾರದ ಮೇಲೆ ಒತ್ತಡ ತರಲು ಈ ಅಂಕಿಅಂಶಗಳು ನೆರವಾಗುತ್ತವೆ ಎಂಬುದೂ ಅವರ ವಾದ.

ಬದಲಾವಣೆಗಳು ಮತ್ತು ಪರ್ಯಾಯಗಳು

2024ರ ಆವೃತ್ತಿಯಲ್ಲಿ ಮುಕ್ತ ವಿಶ್ವವಿದ್ಯಾಲಯ ಹಾಗೂ ಕೌಶಲ ವಿಶ್ವವಿದ್ಯಾಲಯಗಳ ಜೊತೆಗೆ ರಾಜ್ಯ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಪ್ರತ್ಯೇಕ ವಿಭಾಗವನ್ನು ತೆರೆಯಲಾಯಿತು. ಆ ವರ್ಷ ಅಣ್ಣಾ, ಜಾದವಪುರ ಮತ್ತು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯಗಳು ಕ್ರಮವಾಗಿ ಮೊದಲ ಮೂರು ಸ್ಥಾನಗಳನ್ನು ಪಡೆದವು. 2025ರಲ್ಲಿ ಜಾದವಪುರ ಮೊದಲ ಸ್ಥಾನಕ್ಕೆ ಏರಿತು. ಈ ವಿಭಾಗವು ಸಮಾನ ಸ್ವರೂಪದ ಸಂಸ್ಥೆಗಳ ನಡುವೆ ಹೋಲಿಕೆಯನ್ನು ಸಾಧ್ಯವಾಗಿಸಿದೆ. ಆದರೆ ಐದು ಮಾನದಂಡಗಳ ಚೌಕಟ್ಟು ಉಳಿದಿರುವುದರಿಂದ ಸಂಯೋಜಿತ ಕಾಲೇಜುಗಳು ಮತ್ತು ದೇಶಭಾಷೆಗಳ ಸಂಶೋಧನೆಯ ಕುರಿತ ಆಕ್ಷೇಪಗಳು ಹಾಗೆಯೇ ಇವೆ.

ರಾಜ್ಯಗಳೂ ತಮ್ಮದೇ ವ್ಯವಸ್ಥೆಗಳನ್ನು ರೂಪಿಸಿವೆ. ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ವಿಶ್ವವಿದ್ಯಾಲಯಗಳಿಗೆ ಕ್ರಮಸಂಖ್ಯೆಯ ಬದಲು ನಕ್ಷತ್ರಗಳ ಮೂಲಕ ದರ್ಜೆ ನೀಡುವ ಚೌಕಟ್ಟನ್ನು ರೂಪಿಸಿತು. ಕೇರಳವು ತನ್ನ ರಾಜ್ಯಮಟ್ಟದ ಶ್ರೇಯಾಂಕದ ಮೊದಲ ಫಲಿತಾಂಶವನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಇಂತಹ ಚರ್ಚೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಹುಕಾಲದಿಂದ ನಡೆದಿದೆ. 1983ರಲ್ಲಿ ಆರಂಭವಾದ ಯು.ಎಸ್. ನ್ಯೂಸ್ ಶ್ರೇಯಾಂಕವು ಶ್ರೀಮಂತ ಖಾಸಗಿ ವಿಶ್ವವಿದ್ಯಾಲಯಗಳ ಪರವಾಗಿದೆಯೆಂಬ ಟೀಕೆ ಎದುರಿಸಿತ್ತು. 2023ರಲ್ಲಿ ಅದು ತರಗತಿಯ ಗಾತ್ರ, ಹಳೆಯ ವಿದ್ಯಾರ್ಥಿಗಳ ದೇಣಿಗೆ ಮೊದಲಾದ ಅಂಶಗಳನ್ನು ಕೈಬಿಟ್ಟು, ಬಡ ಕುಟುಂಬಗಳ ವಿದ್ಯಾರ್ಥಿಗಳು ಪದವಿ ಮುಗಿಸುವ ಪ್ರಮಾಣಕ್ಕೆ ಹೆಚ್ಚಿನ ಮಹತ್ವ ನೀಡಿತು. ಆ ವರ್ಷ ಹಲವು ಸಾರ್ವಜನಿಕ ವಿಶ್ವವಿದ್ಯಾಲಯಗಳ ಸ್ಥಾನ ಗಣನೀಯವಾಗಿ ಮೇಲೇರಿತು. ಒಂದೇ ವರ್ಷದಲ್ಲಿ ಆ ಸಂಸ್ಥೆಗಳ ಬೋಧನೆ ಅಷ್ಟು ಬದಲಾಗಿರಲಿಲ್ಲ, ಬದಲಾದದ್ದು ಅಳತೆಯ ವಿಧಾನ.