ಎತ್ತು ಕುಡಿದಿರಲಿಲ್ಲ

ಬಳ್ಳಾರಿ ಸಂತೆಯಿಂದ ಸಂಗನಕಲ್ಲಿಗೆ ಹಿಂತಿರುಗುವ ರೈತ ಸೇಂದಿ ಕುಡಿದು ಗಾಡಿಯಲ್ಲೇ ಮಲಗಿಬಿಟ್ಟರೂ ಎತ್ತುಗಳು ಅವನನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವಂತೆ. ನಮ್ಮ ಮಾವನವರು ಇದನ್ನು ನಗುತ್ತ ಹೇಳುತ್ತಿದ್ದರು. ಸಮಾಜ ಪಾಠ ಹೇಳುವವಳಾದ ನನಗೆ ಅದರಲ್ಲಿ ಒಂದು ಚರಿತ್ರೆಯೇ ಕಾಣುತ್ತದೆ. ಕುಡಿದವನು ಒಬ್ಬ, ದಾರಿ ನೋಡುವವರು ಇಬ್ಬರು. ಆ ಇಬ್ಬರು ಕುಡಿದಿರಲಿಲ್ಲ. ಎತ್ತು ಹೋಗಿ ಇಂಜಿನ್ ಬಂದಾಗ ನಾವು ಕಳೆದುಕೊಂಡದ್ದು ಆ ಕುಡಿಯದ ಜೊತೆಗಾರನನ್ನು.

ಇಂಗ್ಲೆಂಡಿನವರು 1872ರಲ್ಲೇ ಒಂದು ಕಾಯಿದೆ ಮಾಡಿದ್ದರು. ಕುಡಿದು ರಸ್ತೆಯಲ್ಲಿ ಗಾಡಿ, ಕುದುರೆ, ದನ ಅಥವಾ ಉಗಿಯಂತ್ರ ನಡೆಸಿದವನಿಗೆ 40 ಷಿಲಿಂಗ್‌ವರೆಗೆ ದಂಡ, ಇಲ್ಲವೆ ಒಂದು ತಿಂಗಳವರೆಗೆ ಸೆರೆ. (ಅದೇ ವರ್ಷ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭ ಶಾಸ್ತ್ರಜ್ಞ ನಮ್ಮೂರ ಗುಡ್ಡಗಳಲ್ಲಿ ನವಶಿಲಾಯುಗದ ಕುರುಹು ಹುಡುಕುತ್ತಿದ್ದ. ಇಸವಿ ನೆನಪಿಡಲು ಮಕ್ಕಳಿಗೆ ನಾನು ಹೀಗೇ ಜೋಡಿಸಿ ಹೇಳುತ್ತೇನೆ.) 1897ರಲ್ಲಿ ಜಾರ್ಜ್ ಸ್ಮಿತ್ ಎಂಬ ಲಂಡನ್ನಿನ ಟ್ಯಾಕ್ಸಿ ಚಾಲಕ ಕುಡಿದು ಗಾಡಿಯನ್ನು ಕಟ್ಟಡಕ್ಕೆ ಗುದ್ದಿ ದಂಡ ತೆತ್ತ. ಮೋಟಾರು ಗಾಡಿಯವರಲ್ಲಿ ಅವನೇ ಮೊದಲಿಗನೆನ್ನುತ್ತಾರೆ.

ನಮ್ಮ ದೇಶದ 1939ರ ಮೋಟಾರು ವಾಹನ ಕಾಯಿದೆಯಲ್ಲಿ ಅಂಕಿಯೇ ಇರಲಿಲ್ಲ. ವಾಹನದ ಹತೋಟಿ ತಪ್ಪುವಷ್ಟು ಕುಡಿದಿರಬಾರದು ಎಂದಿತ್ತು, ಅಷ್ಟೆ. ಎಷ್ಟು ಕುಡಿದರೆ ಹತೋಟಿ ತಪ್ಪುತ್ತದೆ? ಪೊಲೀಸಿನವನ ಮೂಗು, ಡಾಕ್ಟರ ಕಣ್ಣು, ಕುಡಿದವನ ನಡಿಗೆ, ಇವೇ ಸಾಕ್ಷಿ. ಆಗ ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. 1948ರ ಹೊತ್ತಿಗೆ ಇಡೀ ಪ್ರಾಂತಕ್ಕೆ ಪಾನನಿರೋಧ ಬಂದಿತ್ತು. ಕುಡಿಯುವುದೇ ಅಪರಾಧವಾದ ಮೇಲೆ ಕುಡಿದು ನಡೆಸಿದ್ದನ್ನು ಬೇರೆಯಾಗಿ ಕೇಳುವವರು ಯಾರು? 1953ರ ಅಕ್ಟೋಬರ್ 1ರಂದು ನಾವು ಮೈಸೂರಿಗೆ ಸೇರಿದೆವು. 1967ರಲ್ಲಿ ಅಲ್ಲಿಯ ಪಾನನಿರೋಧವೂ ಹೋಯಿತು. ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ಅಂಗಡಿಯ ಬಾಗಿಲು ಹೀಗೆ ತೆರೆಯುತ್ತ ಮುಚ್ಚುತ್ತ ಬಂದರೂ ಚಾಲಕನ ಸೀಟಿನ ಕಡೆ ಕಾಯಿದೆಯ ಕಣ್ಣು ಬಿದ್ದದ್ದು ತಡವಾಗಿ.

1988ರ ಹೊಸ ಕಾಯಿದೆ ಮೊದಲು ಬಲು ಕಠಿಣವಾಗಿತ್ತು. ರಕ್ತದಲ್ಲಿ ಮದ್ಯ ಎಷ್ಟೇ ಸ್ವಲ್ಪವಿದ್ದರೂ ತಪ್ಪು ಎಂದಿತು. 1994ರ ತಿದ್ದುಪಡಿಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಗೆರೆ ಬಂತು, ಊದಿಸಿ ನೋಡುವ ಯಂತ್ರದ ಹೆಸರೂ ಬಂತು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ ಇದ್ದದ್ದು 2019ರ ಸೆಪ್ಟೆಂಬರಿನಿಂದ ದಂಡ 10,000ಕ್ಕೆ ಏರಿತು. ಎರಡನೆಯ ಸಲಕ್ಕೆ ಎರಡು ವರ್ಷದವರೆಗೆ ಸೆರೆ, 15,000ದವರೆಗೆ ದಂಡ. ರಸ್ತೆಯಲ್ಲೇ ಚೀಟಿ ಹರಿಸಿಕೊಂಡು ಹೋಗುವಂತಿಲ್ಲ, ಕೋರ್ಟಿಗೇ ಹೋಗಬೇಕು.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ಅದಿರು ಲಾರಿಗಳ ಕಾಲದಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸುವುದಕ್ಕೆ ಮುಂಚೆ, ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದಾಗ ಲಾರಿಯೊಂದು ಅವನ ಮೇಲೆ ಹರಿಯಿತು. ಕ್ಯಾಬಿನ್ನಿನಲ್ಲಿ ಬಾಟಲಿಗಳಿದ್ದದ್ದನ್ನು ನಾಲ್ಕು ಜನ ಕಂಡಿದ್ದರು. ಚಾಲಕ ಓಡಿಹೋಗಿ ಮರುದಿನ ಮಧ್ಯಾಹ್ನ ಸಿಕ್ಕ. ದೇಹವು 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಮದ್ಯವನ್ನು ಕರಗಿಸುತ್ತದೆ. ಮರುದಿನ ರಕ್ತದಲ್ಲಿ ಏನು ಉಳಿದೀತು? ದಾಖಲಾದದ್ದು ಅತಿವೇಗ ಮತ್ತು ಅಜಾಗರೂಕತೆ ಮಾತ್ರ. ಆ ಹುಡುಗಿ ನಂತರ ಎರಡು ವರ್ಷ ಶಾಲೆಗೆ ಬಂದಳು, ಆಮೇಲೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋದಳು.

ಅದಕ್ಕೇ ಸರಕಾರದ ಲೆಕ್ಕಗಳನ್ನು ನಾನು ಪೂರ್ತಿ ನಂಬುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಕುಡಿತದ ಪಾಲು ನೂರಕ್ಕೆ ಮೂರನ್ನೂ ಮುಟ್ಟುವುದಿಲ್ಲ. ನಮ್ಮ ಹುಡುಗಿಯ ತಂದೆಯಂಥವರು ‘ಅತಿವೇಗ’ದ ಕಾಲಮ್ಮಿನಲ್ಲಿರುತ್ತಾರೆ.

ಇದಕ್ಕೆ ಹೆಂಗಸರು ತಮ್ಮದೇ ಉಪಾಯ ಮಾಡಿಕೊಂಡಿದ್ದಾರೆ. ನಮ್ಮ ಓಣಿಯ ಟ್ರಾಕ್ಟರ್ ಚಾಲಕನೊಬ್ಬನ ಹೆಂಡತಿ ಒಂದು ಬೆಳಿಗ್ಗೆ ನೀರಿನ ನಲ್ಲಿಯ ಹತ್ತಿರ ನನಗೆ ಹೇಳಿದ್ದು: “ಟೀಚರಮ್ಮ, ಕೀ ಜ್ವಾಳದ ಡಬ್ಬಿಯಾಗ ಹಾಕಿಬಿಟ್ಟೆ. ಹುಡುಕಿ ಹುಡುಕಿ ಅಲ್ಲೇ ಮಲಕೊಂಡ.” ಅವಳ ಎಡ ಕೆನ್ನೆ ಊದಿತ್ತು. ಹೇಗೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಆ ಡಬ್ಬಿಯ ಕೆಲಸವನ್ನೇ ಮಾಡುವ ಯಂತ್ರವೊಂದಿದೆ, ಇಗ್ನಿಷನ್ ಇಂಟರ್‌ಲಾಕ್. ಕೀ ತಿರುಗಿಸುವ ಮುಂಚೆ ಚಾಲಕ ಕೊಳವೆಗೆ ಊದಬೇಕು. ಒಳಗೆ ಪ್ಲಾಟಿನಂ ಲೇಪದ ಕೋಶವೊಂದಿದ್ದು, ಉಸಿರಿನಲ್ಲಿ ಮದ್ಯವಿದ್ದರೆ ಅದರಿಂದ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಮದ್ಯ ಹೆಚ್ಚಾದಷ್ಟು ವಿದ್ಯುತ್ತೂ ಹೆಚ್ಚು. ಗೆರೆ ದಾಟಿದರೆ ಇಂಜಿನ್ ಚಾಲೂ ಆಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಇದಕ್ಕೆ ಪ್ರಾಯೋಗಿಕ ಕಾಯಿದೆ ಬಂತು. ನ್ಯೂ ಮೆಕ್ಸಿಕೋದಲ್ಲಿ 2005ರಿಂದ ಮೊದಲ ಸಲ ಶಿಕ್ಷೆಯಾದವನೂ ತನ್ನ ಗಾಡಿಗೆ ಹಾಕಿಸಿಕೊಳ್ಳಬೇಕು. ಫ್ರಾನ್ಸಿನಲ್ಲಿ 2015ರಿಂದ ಪ್ರಯಾಣಿಕರ ದೂರಸಂಚಾರದ ಬಸ್ಸುಗಳಿಗೆ ಕಡ್ಡಾಯ. ಕುಡಿದ ಅಪ್ಪ ಮಗನಿಂದ ಊದಿಸಿದರೆ? ಮೇಷ್ಟರಾದವರಿಗೆ ಮೊದಲು ಹೊಳೆಯುವುದು ಇದೇ. ಅದಕ್ಕಾಗಿ ದಾರಿಯ ನಡುವೆ ಮತ್ತೆ ಊದು ಎಂದು ಯಂತ್ರ ಕೇಳುತ್ತದೆ, ಕೆಲವದರಲ್ಲಿ ಕ್ಯಾಮೆರಾ ಕೂಡ ಇದೆ. ಯಂತ್ರಕ್ಕೆ ಯಾರೂ ಹೊಡೆಯುವುದಿಲ್ಲ, ಹೊಡೆದರೆ ಅದಕ್ಕೆ ನೋವಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಇದು.

ನಮ್ಮ ಕಾಯಿದೆಯಲ್ಲಿ ಇದು ಕಡ್ಡಾಯವಿಲ್ಲ. ಶಿಕ್ಷೆಯಾದವನ ಲೈಸೆನ್ಸನ್ನು ಕೋರ್ಟು ಕನಿಷ್ಠ ಆರು ತಿಂಗಳು ಅನರ್ಹಗೊಳಿಸಬೇಕೆಂದಿದೆ. ಆದರೆ ಲೈಸೆನ್ಸ್ ಇಲ್ಲದವನ ಗಾಡಿಯೂ ಓಡುತ್ತದೆ. ಇನ್ನು ಯಂತ್ರವೂ ಎಲ್ಲವನ್ನೂ ತಡೆಯಲಾರದು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಹತ್ತಿರ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ರಸ್ತೆಯಲ್ಲಿ ಬಿದ್ದಿದ್ದ ಬೈಕನ್ನು ಎಳೆದೊಯ್ದು ಬೆಂಕಿ ಹತ್ತಿ 19 ಪ್ರಯಾಣಿಕರು ಸತ್ತರು. ಬೈಕ್ ಸವಾರ ಕುಡಿದಿದ್ದನೆಂದು ಪೊಲೀಸರು ಹೇಳಿದರು. ಅವನೂ ಬದುಕಲಿಲ್ಲ. ಕೀ ಕೊಡುವುದಿಲ್ಲ ಎನ್ನುವವರು ಆ ರಾತ್ರಿ ಅವನ ಹತ್ತಿರ ಯಾರೂ ಇರಲಿಲ್ಲ.

ಬೈಕುಗಳಿಗೆ ಆಗದಿದ್ದರೆ ಬಿಡಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವ ವ್ಯಾನುಗಳಿಂದಾದರೂ ಶುರುಮಾಡಬೇಕೆಂಬುದು ನನ್ನ ಹಟ. ಬೆಂಗಳೂರಿನಲ್ಲಿ 2024ರ ತಪಾಸಣೆಯಲ್ಲಿ ಬೆಳಗಿನ ಹೊತ್ತೇ ಕುಡಿದಿದ್ದ ಶಾಲಾ ವಾಹನದ ಚಾಲಕರು ಸಿಕ್ಕಿದ್ದರು. ಪೋಷಕರ ಸಭೆಯಲ್ಲಿ ಈ ಮಾತೆತ್ತಿದೆ. “ಖರ್ಚು ಯಾರು ಕೊಡ್ತಾರ್ರೀ ಮೇಡಂ?” ಎಂದರು. ಗಾಡಿಗೆ ಕೂರಿಸುವ ಯಂತ್ರ ಬೇಡ, ಬೆಳಿಗ್ಗೆ ಗೇಟಿನ ಹತ್ತಿರ ಊದಿಸುವ ಕೈಯಂತ್ರ ಒಂದನ್ನು ಚಂದಾ ಎತ್ತಿ ತರೋಣ ಎಂಬಲ್ಲಿಗೆ ಮಾತು ಬಂದು ನಿಂತಿದೆ. ಈವರೆಗೆ ಚಂದಾ ಕೊಟ್ಟವರಲ್ಲಿ ಹೆಚ್ಚಿನವರು ತಾಯಂದಿರು.