ಬೆರಳು ಮೊದಲು, ಪುಸ್ತಕ ಆಮೇಲೆ

ಚಿತ್ರಪುಸ್ತಕದ ಕಥೆ ಹೇಳಿ, ಅದರೊಳಗಿನ ಎತ್ತನ್ನೋ ಮೀನನ್ನೋ ಪುಟ್ಟ ಮಕ್ಕಳ ಕೈಯಲ್ಲೇ ಮಾಡಿಸುವ ಪಾಠವನ್ನು ಹೊರಗಿನಿಂದ ಬಂದ ಹೊಸ ಪದ್ಧತಿಯೆಂದು ಬಗೆಯುವವರೇ ಹೆಚ್ಚು. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಆಸುಪಾಸಿನ, ತುಂಗಭದ್ರೆಯ ದಂಡೆಯ ಸೀಮೆಯಲ್ಲಿ ಎಳೆಯರು ಹಿಂದೆ ಹೇಗೆ ಕಲಿಯುತ್ತಿದ್ದರೆಂದು ನೋಡಿದರೆ, ಇಲ್ಲಿ ಹೊಸದಾಗಿ ಬಂದದ್ದು ಪುಸ್ತಕ. ಕೈಕೆಲಸ ಮೊದಲೇ ಇತ್ತು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಕಳಿಸಿದ ವರದಿ ಇದಕ್ಕೆ ಗಟ್ಟಿ ಸಾಕ್ಷಿ. ಹರಿಹರಕ್ಕೆ ನೆರೆಯ ಹರಪನಹಳ್ಳಿ ಆಗ ಬಳ್ಳಾರಿಗೆ ಸೇರಿತ್ತು. ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು. ಐದನೆಯ ವಯಸ್ಸಿಗೆ ಮಠಕ್ಕೆ, ಅಂದರೆ ಊರ ಶಾಲೆಗೆ, ಬಂದ ಹುಡುಗ ಅಕ್ಷರವನ್ನು ಮೊದಲು ಬಾಯಲ್ಲಿ ಹೇಳುತ್ತಿರಲಿಲ್ಲ, ನೆಲದ ಮರಳಿನಲ್ಲಿ ಬೆರಳಿನಿಂದ ತಿದ್ದುತ್ತಿದ್ದ. ಕೈ ಪಳಗಿದ ಮೇಲೆ ಇದ್ದಿಲು ಬಳಿದ ಹಲಗೆ, ಇಲ್ಲವೇ ಗಂಜಿ ಹಾಕಿದ ಬಟ್ಟೆಯನ್ನು ಮಡಿಸಿ, ಇದ್ದಿಲು–ಅಂಟು ಸವರಿ ಮಾಡಿದ ಕಡತ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಇಂದು ಕಚೇರಿಗಳಲ್ಲಿ ದೂಳು ತಿನ್ನುವ ಕಡತದ ಹೆಸರು ಒಂದು ಕಾಲಕ್ಕೆ ಎಳೆಯರ ತೊಡೆಯ ಮೇಲಿತ್ತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಮದ್ರಾಸಿನಲ್ಲಿ ಇಂಥದೇ ಮರಳು ಬರಹ ಕಂಡ ಆಂಡ್ರ್ಯೂ ಬೆಲ್ 1797ರ ತಮ್ಮ ಪುಸ್ತಕದ ಮೂಲಕ ಅದನ್ನು ಇಂಗ್ಲೆಂಡಿಗೂ ಮುಟ್ಟಿಸಿದರು. 1939ರಲ್ಲಿ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸ್ಸರಿಯವರ ಉಪ್ಪುಕಾಗದದ ಅಕ್ಷರಗಳನ್ನು ಬೆರಳಿನಿಂದ ಸವರುವಾಗಲೂ ಕೈ ಮೊದಲು, ಓದು ಆಮೇಲೆ.

ಮರಳಿನ ಮಠವನ್ನು ಹೊಗಳುವುದು ಸಲ್ಲದು, ಅಲ್ಲಿದ್ದದ್ದು ಬರೀ ಬಾಯಿಪಾಠ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಅರ್ಥವಾಗದ ಹಳೆಯ ಪದ್ಯಗಳನ್ನು ಮಕ್ಕಳು ಗಿಣಿಗಳಂತೆ ಒಪ್ಪಿಸುತ್ತಿದ್ದರೆಂದು ಕ್ಯಾಂಪ್‌ಬೆಲ್ಲರೇ ಮರುಗಿದ್ದಾರೆ. 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಆದರೆ ಕುಂದು ಇದ್ದದ್ದು ಬೆರಳಿನಲ್ಲಲ್ಲ. ಬೆರಳು ತಿದ್ದಿದ್ದಕ್ಕೂ ಮಗು ಕಂಡ ಲೋಕಕ್ಕೂ ನಡುವೆ ಸೇತುವೆ ಇರಲಿಲ್ಲ. ಆ ಸೇತುವೆ ಮಠದ ಹೊರಗೆ, ಹಬ್ಬದ ಅಂಗಳದಲ್ಲಿತ್ತು. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು, ಗೋದಲಿ ಮಾಡುವಾಗ ಮಕ್ಕಳ ಕೈಗೂ ಒಂದು ಮುದ್ದೆ ಮಣ್ಣು ಸಿಗುತ್ತದೆ. ಆಷಾಢದ ಮಂಗಳವಾರಗಳಂದು ಮಣ್ಣಿನ ಗುಳ್ಳವ್ವನನ್ನು ಮಾಡಿ ಸಿಂಗರಿಸಿ ಹಾಡುವವರು ಹೆಣ್ಣುಮಕ್ಕಳು. ಮಠದ ಬಾಗಿಲು ಬಹುಪಾಲು ಮುಚ್ಚಿದ್ದ ಕೈಗಳಿಗೆ ಇದು ತೆರೆದಿತ್ತು. ಅದು ಪೂಜೆ, ಪಾಠವಲ್ಲ ಎನ್ನಬಹುದು. ಪೂಜೆಗೆಂದೇ ಮಾಡಿದರೂ ಹಿಣಿಲು ಎಲ್ಲಿ ಏಳುತ್ತದೆ, ಕೊಂಬು ಯಾವ ಕಡೆ ಬಾಗುತ್ತದೆ, ನೊಗ ಎಲ್ಲಿ ಕೂರುತ್ತದೆ ಎಂದು ನೆನಪಿಸಿಕೊಳ್ಳದೆ ಎತ್ತು ಎತ್ತಾಗುವುದಿಲ್ಲ. ನೋಡಿದ್ದನ್ನು ಕೈಯಿಂದ ಮತ್ತೆ ಕಟ್ಟುವುದೇ ಪಾಠ.

ಚಿತ್ರಪುಸ್ತಕ ಬೆಸೆಯಬೇಕಾದದ್ದು ಈ ಎರಡು ಕವಲುಗಳನ್ನು: ಮಠದ ಅಕ್ಷರ, ಅಂಗಳದ ಮಣ್ಣು. ಕರ್ನಾಟಕದಲ್ಲಿ ಸಮಗ್ರ ಶಿಶು ಅಭಿವೃದ್ಧಿ (ಐಸಿಡಿಎಸ್) ಯೋಜನೆ 1975ರಲ್ಲಿ ಟಿ. ನರಸೀಪುರದಿಂದ ಶುರುವಾಗಿ ಅಂಗನವಾಡಿ ಊರೂರಿಗೆ ಬಂತು. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಕನ್ನಡ ಚಿತ್ರಪುಸ್ತಕಗಳನ್ನು ತಂದು, 2015ರಿಂದ ತನ್ನ ಜಾಲತಾಣ ಸ್ಟೋರಿವೀವರ್‌ನಲ್ಲಿ ಬಿಟ್ಟಿಯಾಗಿಯೂ ಓದಲು ಇಟ್ಟಿದೆ. ಪುಸ್ತಕದ ಬಡತನ ಹೀಗೆ ತುಸು ನೀಗುತ್ತಿರುವಾಗ, ಅಚ್ಚು ಹಾಕಿದ ಆಕಾರಕ್ಕೆ ಬಣ್ಣ ತುಂಬಿಸಿ ಅದನ್ನೇ ಕೈಕೆಲಸ ಎನ್ನುವುದು ಹಳೆಯ ಗಿಣಿಪಾಠದ ಇನ್ನೊಂದು ರೂಪವಾಗಿ ಕಾಣುತ್ತದೆ. ಊಟ, ತೂಕ, ಸಮೀಕ್ಷೆಗಳ ನಡುವೆ ಅಂಗನವಾಡಿ ಕಾರ್ಯಕರ್ತೆಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳುವವರ ಮಾತು ನ್ಯಾಯವಾದದ್ದೇ. ಆದರೆ ಹೊತ್ತು ತಿನ್ನುವುದು ಆಕಾರ ಕತ್ತರಿಸಿ ಅಂಟಿಸಿ ಸಿದ್ಧಪಡಿಸುವ ಕೆಲಸ. ಮಣ್ಣಿನ ಮುದ್ದೆಗೆ ಆ ಸಿದ್ಧತೆ ಬೇಕಿಲ್ಲ. ಅಮಾವಾಸ್ಯೆಯೆಂದರೆ ಉಕ್ಕಡಗಾತ್ರಿಯಲ್ಲಿ ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ಜನಸಾಗರ. ಆ ಅಮಾವಾಸ್ಯೆಗಳಲ್ಲಿ ಮಣ್ಣೆತ್ತಿನದು ಬರುವುದು ಶಾಲೆಗಳು ಆಗಷ್ಟೇ ತೆರೆದಿರುವ ದಿನಗಳಲ್ಲಿ, ಮುಂಗಾರಿಗೆ ನೆನೆದ ಹೊಳೆದಂಡೆಯ ಮಣ್ಣು ಹದವಾಗಿರುವಾಗ.